ಊರಬಾಗಿಲಿನ ಮುಳ್ಳು

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಬಡ್ತಿ ಯಾವಾಗ ಸಿಕ್ಕಿತು, ಯಾವ ತಾಲ್ಲೂಕಿನಲ್ಲಿ ಕೆಲಸ ಹಗುರ ಎಂದು ಕೇಳುತ್ತಾರೆ. ಬಡ್ತಿ ಎಲ್ಲರಿಗೂ ಸಿಗುವಂತೆ ನನಗೂ ಸಿಕ್ಕಿತು. ಬರೆಯುವಂಥದ್ದು ಅದರಲ್ಲಿ ಏನೂ ಇಲ್ಲ. ಹಗುರವಾದ ತಾಲ್ಲೂಕು ನಾನು ಕಂಡಿಲ್ಲ. ಅವರು ಕೇಳಬೇಕಾದ ಪ್ರಶ್ನೆ ಬೇರೆ. ರೋಗವೂ ಚುನಾವಣೆಯೂ ಒಟ್ಟಿಗೆ ಬಂದರೆ ಏನು ಮಾಡಬೇಕು? ನನ್ನ ಕಾಲದಲ್ಲಿ ಬಂದಿದ್ದವು. ನೆನೆದರೆ ಈಗಲೂ ಮೈ ಉರಿಯುತ್ತದೆ. ಉರಿ ಆರುವ ಮೊದಲೇ ಬರೆದುಬಿಡುತ್ತೇನೆ.

ಮೊದಲು ಕೆಲಸ ಹೇಗಿತ್ತೆಂದು ಹೇಳಬೇಕು. ನಲವತ್ತರ ದಶಕದಲ್ಲಿ ಪ್ಲೇಗ್ ನಮ್ಮ ಕಡೆ ಚಳಿಗಾಲದ ನೆಂಟ. ರಾಗಿ ಕೊಯ್ಲಾಗಿ ಕಾಳು ಊರೊಳಗೆ ಬರುವ ಹೊತ್ತಿಗೆ ಅದೂ ಬರುತ್ತಿತ್ತು. ಮೊದಲು ಇಲಿಗಳು ಸತ್ತು ಬೀಳುತ್ತಿದ್ದವು. ಇಲಿ ಬಿದ್ದ ಮನೆಯಲ್ಲಿ ಉಳಿದವರಿಗೆ ಜ್ವರ ಬಂದು ತೊಡೆಸಂದಿನಲ್ಲೋ ಕಂಕುಳಲ್ಲೋ ಗೆಡ್ಡೆ ಕಟ್ಟುತ್ತಿತ್ತು. ಆಮೇಲೆ ನಾವು ಮಾಡುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ಆದ್ದರಿಂದ ನಮ್ಮ ಕೆಲಸವೆಲ್ಲ ಮೊದಲೇ ಆಗಬೇಕು: ಊರು ಬಿಡಿಸುವುದು, ಪ್ಲೇಗಿನ ಲಸಿಕೆಯ ಸೂಜಿ ಹಾಕುವುದು. ಜನ ತೋಪಿನಲ್ಲಿ, ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಖಾಲಿ ಮನೆಗಳ ಹೆಂಚು ಅಲ್ಲಲ್ಲಿ ತೆಗೆದು ಒಳಗೆ ಬಿಸಿಲು ಬೀಳುವಂತೆ ಮಾಡುತ್ತಿದ್ದೆವು. ಊರಬಾಗಿಲಿಗೆ ಜಾಲಿಮುಳ್ಳು ಕಟ್ಟುತ್ತಿದ್ದೆವು. ನಾವು ಹೇಳುವವರೆಗೆ ಆ ಮುಳ್ಳನ್ನು ಯಾರೂ ದಾಟುವಂತಿರಲಿಲ್ಲ.

ಇದನ್ನು ನನಗೆ ಕಲಿಸಿದವರು ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಗಳು. ಬೆಳಿಗ್ಗೆ ಆರಕ್ಕೆ ಕ್ಷೌರ ಮಾಡಿಕೊಂಡು ಸಿದ್ಧರಾಗಿರುತ್ತಿದ್ದ ಮನುಷ್ಯ. ನಾನು ದೇವನಹಳ್ಳಿ ತಾಲ್ಲೂಕಿನಲ್ಲಿ ಹೊಸ ಹೆಲ್ತ್ ಇನ್‌ಸ್ಪೆಕ್ಟರಾಗಿದ್ದಾಗ ಕುಂದಾಣದ ಕಡೆಯ ಒಂದು ಹಳ್ಳಿಗೆ ಅವರ ಜೊತೆ ಹೋಗಿದ್ದೆ. ಪಟೇಲರು ಚಾವಡಿಯಲ್ಲಿ ಚಾಪೆ ಹಾಸಿ, "ನಮ್ಮೂರಲ್ಲಿ ಒಂದಿಲೀನೂ ಬಿದ್ದಿಲ್ಲ ಸ್ವಾಮಿ, ದೇವ್ರಾಣೆ" ಎಂದರು. ಸಾಹೇಬರು ಕೂರಲಿಲ್ಲ. ಕೈಯಲ್ಲಿದ್ದ ಬೆತ್ತವನ್ನು ಚಾವಡಿಯ ಸೂರಿಗೆ ಚುಚ್ಚಿದರು. ಸತ್ತ ಇಲಿಯೊಂದು ಹಾಸಿದ ಚಾಪೆಯ ಮೇಲೇ ಬಿತ್ತು.

"ಇದು ಇಲಿಯಲ್ಲ ಸ್ವಾಮಿ, ಮೂಗಿಲಿ" ಎಂದರು ಪಟೇಲರು.

"ಸರಿ. ಮೂಗಿಲಿ ಸತ್ತಿದ್ದಕ್ಕೇ ಊರು ಬಿಡಿ" ಎಂದರು ಸಾಹೇಬರು. ಹಿಂದಿರುಗುವಾಗ ನನಗೆ ಹೇಳಿದರು: "ಮೊದಲು ಹಿತ್ತಿಲು ನೋಡಿ, ಆಮೇಲೆ ಚಾವಡಿಗೆ ಹೋಗಿ. ಚಾವಡೀಲಿ ಕೂತೋರು ನಿಮಗೆ ಬೇಕಾದ್ದನ್ನ ಹೇಳ್ತಾರೆ."

ಅವರಿಗಿಂತ ಹಿಂದೆ ಪೊಲೀಸರನ್ನು ಕರೆದೊಯ್ದು ಜನರನ್ನು ಎಳೆದು ಹೊರಗೆ ಹಾಕುವ ಪದ್ಧತಿ ಇತ್ತು. ಹಗಲು ಹೊರಗೆ ಹಾಕಿದವರು ಕತ್ತಲಾದ ಮೇಲೆ ಒಳಗೆ ಸೇರಿಕೊಳ್ಳುತ್ತಿದ್ದರು. ಸಾಹೇಬರು ಆ ಪದ್ಧತಿ ನಿಲ್ಲಿಸಿದರು. ಮೊದಲು ಊರ ದೇವರ ಉತ್ಸವಮೂರ್ತಿಯನ್ನು ತೋಪಿಗೆ ಬಿಜಯಂಗೈಸಬೇಕು. ದೇವರು ಹೊರಟರೆ ಊರು ತಾನಾಗಿ ಹೊರಡುತ್ತದೆ. ಹಿಂದಿರುಗುವಾಗಲೂ ಹಾಗೆಯೇ. ಒಳ್ಳೆಯ ದಿನ ನೋಡಿ ಊರಿನ ಹಿರಿಯರೊಬ್ಬರು ಕುಡುಗೋಲು ಹಿಡಿದು ಮುಳ್ಳು ತೆಗೆಯಬೇಕು, ಮೊದಲು ಹಸು ಒಳಗೆ ಹೋಗಬೇಕು, ಆಮೇಲೆ ದೇವರು, ಆಮೇಲೆ ಜನ. ಇದರಿಂದ ನಮಗೆ ಒಬ್ಬ ಪೊಲೀಸಿನವನೂ ಬೇಕಾಗಲಿಲ್ಲ.

ಇನ್ನು ಹೊಸಕೋಟೆ ತಾಲ್ಲೂಕಿನ ಮಾತು. ಜಡಿಗೇನಹಳ್ಳಿ ಹೋಬಳಿಯ ದೊಡ್ಡ ಹಳ್ಳಿಯೊಂದರಲ್ಲಿ ಇಲಿ ಬಿದ್ದವು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಪಟೇಲ ಬೈರೇಗೌಡರು ತಿಳಿದವರು, ತಾವೇ ಹೇಳಿ ಕಳಿಸಿದ್ದರು. ನಾನೂ ನನ್ನ ಸಹಾಯಕ ಗೌಸ್ ಸಾಬರೂ ಹೋಗಿ ಎಲ್ಲವನ್ನೂ ಕ್ರಮವಾಗಿ ಮುಗಿಸಿದೆವು. ದೇವರು ತೋಪಿಗೆ ಬಂತು, ಊರು ಗುಡಿಸಲಿಗೆ ಬಂತು, ಅರ್ಧ ಊರು ಸೂಜಿ ಹಾಕಿಸಿಕೊಂಡಿತು. ಸೂಜಿ ಹಾಕಿದ ಮಾರನೆಯ ದಿನ ತೋಳು ಊದಿ, ಮೈ ಬಿಸಿಯಾಗಿ, ಕೈ ಮೇಲೆತ್ತಲು ಆಗುತ್ತಿರಲಿಲ್ಲ. ತೋಪಿನ ತುಂಬ ಜನ ಬಲಗೈಯನ್ನು ಮೈಗೆ ಅವುಚಿಕೊಂಡು ಓಡಾಡುತ್ತಿದ್ದರು. "ಊರಿಗೂರೇ ಕಂಕುಳಲ್ಲಿ ಕೋಳಿ ಮರಿ ಇಟ್ಕೊಂಡಂಗೈತೆ" ಎಂದು ಗಂಗಮ್ಮ ನಗಿಸುತ್ತಿದ್ದಳು. ಗಂಗಮ್ಮನ ಗಂಡನೂ ಅತ್ತೆಯೂ ಹಿಂದಿನ ಒಂದು ಪ್ಲೇಗಿನಲ್ಲಿ ಹೋಗಿದ್ದರು. ಅವಳ ನಗುವಿಗೆ ಭಯವಿರಲಿಲ್ಲ, ನಾಲಗೆಗಂತೂ ಇರಲೇ ಇಲ್ಲ.

ಉಳಿದರ್ಧ ಜನಕ್ಕೆ ಎರಡನೆಯ ಸುತ್ತು ಹಾಕಬೇಕಿತ್ತು. ಅಷ್ಟರಲ್ಲಿ ಜಿಲ್ಲಾ ಬೋರ್ಡಿನ ಚುನಾವಣೆ ಬಂತು.

ಆಗ ಎಲ್ಲರಿಗೂ ಓಟಿರಲಿಲ್ಲ. ಕಂದಾಯ ಕಟ್ಟುವವರಿಗೆ, ಓದಿದವರಿಗೆ ಮಾತ್ರ ಇತ್ತು. ಈ ಊರಿನಲ್ಲಿ ಅಂಥವರು ಬಹಳ. ಆದರೆ ಊರು ಬಿಟ್ಟ ಮೇಲೆ ಅನೇಕರು ನೆಂಟರ ಹಳ್ಳಿಗಳಿಗೆ ಹೋಗಿದ್ದರು. ಚುನಾವಣೆಗೆ ನಿಂತಿದ್ದವರು ಇಬ್ಬರು. ಒಬ್ಬರು ಈ ಹೋಬಳಿಯಲ್ಲಿ ಜಮೀನಿದ್ದು ಬೆಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದವರು. ಇನ್ನೊಬ್ಬರು ಕಾಳಿನ ಮಂಡಿಯ ಸಾಹುಕಾರರು. ಊರು ಮತ್ತೆ ಒಂದೆಡೆ ಸೇರಿದರೆ ಓಟೂ ಸೇರುತ್ತದೆಂದು ವಕೀಲರಿಗೆ ಹೊಳೆಯಿತು. ಒಂದು ದಿನ ಮೋಟಾರಿನಲ್ಲಿ ತೋಪಿಗೆ ಬಂದರು. ನಾನೂ ಅಲ್ಲೇ ಇದ್ದೆ.

"ಏನಪ್ಪಾ ಬೈರೇಗೌಡ, ಮನೆ ಮಠ ಇಟ್ಕೊಂಡು ಇದೇನು ಅಲೆಮಾರಿಗಳ ಥರ?" ಎಂದರು.

"ಏನ್ಮಾಡೋದು ಸ್ವಾಮಿ, ಇಲಿ ಬಿತ್ತು."

ಪಟೇಲರ ತಮ್ಮ ಚಿಕ್ಕಣ್ಣ ಮುಂದೆ ಬಂದ. ಗಟ್ಟಿ ಆಳು, ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಮೊದಲ ಸುತ್ತಿನ ದಿನ ಮಾವನ ಮನೆಗೆ ಹೋಗಿದ್ದರಿಂದ ಸೂಜಿ ಹಾಕಿಸಿಕೊಂಡಿರಲಿಲ್ಲ. "ರಾಗಿ ಊರೊಳಗೆ ಹಗೇವ್ನಲ್ಲೈತೆ, ನಾವಿಲ್ಲಿ ಚಳೀಲಿ ಹಲ್ಲು ಕಡೀತಾ ಕುಂತಿದ್ದೀವಿ ಸ್ವಾಮಿ" ಎಂದ. ಹಗೇವು ಎಂದರೆ ನೆಲದಡಿಯ ಕಾಳಿನ ಗುಳಿ; ಇಲಿಗಳಿಗೆ ಅರಮನೆ.

ವಕೀಲರು ಒಂದು ಕಲ್ಲಿನ ಮೇಲೆ ಹತ್ತಿ ನಿಂತರು. "ಮಹಾಜನಗಳೇ, ಇಲಿ ಸತ್ತಿದ್ದಕ್ಕೆ ಮನುಷ್ಯರು ಊರು ಬಿಡೋದು ಯಾವ ನ್ಯಾಯ? ಈ ಸೂಜಿ ಗೀಜಿ ಎಲ್ಲಾ ಬಡವರನ್ನ ಹೆದರಿಸೋ ದಾರಿ. ನನ್ನ ಮಾತು ನಂಬಿ. ನಾಲ್ಕು ದಿನ ತಡೀರಿ, ನಾನೇ ಬಂದು ಊರಬಾಗಿಲ ಮುಳ್ಳು ತೆಗೀತೀನಿ. ಯಾರು ಅಡ್ಡ ಬರ್ತಾರೋ ನೋಡ್ತೀನಿ!"

ಕೊನೆಯ ಮಾತು ನನ್ನ ಕಡೆ ತಿರುಗಿ ಹೇಳಿದ್ದು. ಜನ ಚಪ್ಪಾಳೆ ತಟ್ಟಿದರು. ಗಂಗಮ್ಮ ಮಾತ್ರ ಗುಡಿಸಲ ಮುಂದಿನಿಂದ ಕೂಗಿದಳು: "ತೆಗೀರಿ ಸ್ವಾಮಿ. ತೆಗೆದ್ಮೇಲೆ ಒಂದ್ವಾರ ನಮ್ಮನೇಲೇ ಇದ್ದು ಹೋಗಿ. ಜಗಲಿ ದೊಡ್ಡದೈತೆ."

"ಗೆದ್ದ ಮೇಲೆ ಬರ್ತೀನಿ ತಾಯಿ" ಎಂದು ನಕ್ಕು ಮೋಟಾರು ಹತ್ತಿದರು.

ಸುಳ್ಳು ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಚಾಪೆಯ ಮೇಲೆ ಇಲಿ ಬಿದ್ದರೂ ಮೂಗಿಲಿ ಎಂದ ಪಟೇಲರೂ ಸುಳ್ಳೇ ಹೇಳಿದ್ದು. ಆದರೆ ಅವರು ಅದೇ ಊರಿನಲ್ಲಿ ಮಲಗುತ್ತಿದ್ದರು, ಸುಳ್ಳಿನ ಫಲ ಅವರಿಗೂ ತಟ್ಟುತ್ತಿತ್ತು. ಇದು ಬೇರೆ ಜಾತಿಯ ಸುಳ್ಳು. ಹೇಳಿದವನು ಬೆಂಗಳೂರಿನಲ್ಲಿ ಮಲಗುತ್ತಾನೆ.

ಮಾರನೆಯ ದಿನ ಎರಡನೆಯ ಸುತ್ತಿಗೆ ಹೋದರೆ ತೋಳು ಕೊಡುವವರೇ ಇಲ್ಲ. ಚಿಕ್ಕಣ್ಣ ಹಿಂದಿನ ಸಂಜೆಯೇ ಮುಳ್ಳಿನ ಸಂದಿಯಲ್ಲಿ ಊರೊಳಗೆ ನುಗ್ಗಿ, ಹಗೇವು ತೆಗೆದು, ತನ್ನ ಮನೆಯ ನಡುಮನೆಯಲ್ಲೇ ಮಲಗಿ ಎದ್ದು ಬಂದಿದ್ದ. ಬೈದೆ. ಅವನು ನಗುತ್ತಾ, "ವಕೀಲ್ರು ಕಾನೂನು ಓದವ್ರೆ. ನೀವೇನು ಓದಿದ್ದೀರಿ ಇನ್‌ಸ್ಪೆಟ್ರೇ?" ಎಂದ.

"ಇಲಿ ಓದಿದ್ದೀನಿ. ತೋಳು ಕೊಡೋ" ಎಂದೆ.

ಜೊತೆಯವರು ನಕ್ಕರು. ಅವನು ತೋಳು ಕೊಡಲಿಲ್ಲ. "ಮುಳ್ಳು ತೆಗೆದ್ಮೇಲೆ ನಿಮ್ಗೇ ಒಂದು ಹಾಕ್ತೀನಿ" ಎಂದು ಕೈಬೀಸಿ ಹೋದ. ಗೌಸ್ ಸಾಬರು ಸ್ಪಿರಿಟ್ ದೀಪ ಆರಿಸುತ್ತಾ, "ಸಾಬ್, ಮದ್ದಿನ ಬಾಟ್ಲಿ ವಾಪಸ್ ಹೋಗ್ಲಿ. ಆದ್ರೆ ಈ ಹುಡುಗಂಗೆ ಯಾರಾದ್ರೂ ಬುದ್ಧಿ ಹೇಳ್ಬೇಕು" ಎಂದರು.

ಬುದ್ಧಿ ಹೇಳಬಲ್ಲವರನ್ನು ಹುಡುಕಿ ಹೊರಟೆ. ಮೊದಲು ಮಂಡಿ ಸಾಹುಕಾರರ ಬಳಿ ಹೋದೆ. ಎದುರಾಳಿ ಸುಳ್ಳು ಹೇಳಿದರೆ ಇವರಾದರೂ ನಿಜ ಹೇಳಬಹುದಲ್ಲ? ಪ್ಲೇಗ್ ಎಂದರೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು; ಮಂಡಿಯಲ್ಲಿ ಇಲಿ ಬಿದ್ದರೆ ಮೊದಲು ನಮಗೇ ಹೇಳಿ ಕಳಿಸುತ್ತಿದ್ದರು. ನನ್ನ ಮಾತನ್ನೆಲ್ಲ ತಲೆಯಾಡಿಸುತ್ತಾ ಕೇಳಿದರು.

"ನೀವು ಹೇಳೋದು ನೂರಕ್ಕೆ ನೂರು ಸರಿ ಇನ್‌ಸ್ಪೆಕ್ಟ್ರೇ. ಆದ್ರೆ ನೋಡಿ, ಅವರು ನಾಲ್ಕು ದಿನ ಅಂದವ್ರೆ. ನಾನು ಬೇಡ ಅಂದ್ರೆ ಓಟು ಬೀಳುತ್ತಾ? ನಾನು ಮೂರೇ ದಿನ ಅನ್ಬೇಕು ಅಂತಿದ್ದೆ."

"ಜನ ಸಾಯ್ತಾರೆ ಸಾಹುಕಾರ್ರೇ."

"ಅದು ದೇವರ ಇಚ್ಛೆ. ಓಟು ಜನರ ಇಚ್ಛೆ" ಎಂದು ಎಲೆಅಡಿಕೆ ತಟ್ಟೆ ಮುಂದೆ ತಳ್ಳಿದರು. ನಾನು ಮುಟ್ಟಲಿಲ್ಲ.

ಅಲ್ಲಿಂದ ಒಬ್ಬ ಹಿರಿಯ ಅಧಿಕಾರಿಗಳ ಬಳಿ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. "ಈಗ ಬೇಡ ಕಣ್ರೀ. ಯಾರು ಗೆಲ್ತಾರೋ ಗೊತ್ತಿಲ್ಲ. ಮುಗೀಲಿ, ಆಮೇಲೆ ನೋಡೋಣ."

ಓಟು ಎಣಿಸಿ ಮುಗಿಯುವವರೆಗೆ ರೋಗ ಕಾಯುತ್ತದೆಯೇ? ಇಷ್ಟೊಂದು ಓದಿದವರ ತಲೆಗೆ ಈ ಸಣ್ಣ ಪ್ರಶ್ನೆ ಹೋಗಲಿಲ್ಲವಲ್ಲ ಎಂಬುದೇ ನನ್ನ ಸಿಟ್ಟು. ಕಡೆಗೆ ನಮ್ಮ ಸಾಹೇಬರಿಗೆ ಹೇಳಿದೆ. ಅವರು ನಿಧಾನವಾಗಿ ಯೋಚಿಸಿ, "ನಮಗೆ ತಡೆಯೋ ಅಧಿಕಾರ ಕಾಗದದಲ್ಲಿದೆ, ಕೈಯಲ್ಲಿಲ್ಲ. ನೀವು ಆ ದಿನ ಊರಬಾಗಿಲಲ್ಲಿ ಹೋಗಿ ನಿಂತ್ಕೊಳ್ಳಿ. ಕೂಗಾಡಬೇಡಿ. ನಿಂತಿರಿ" ಎಂದರು.

ಮುಳ್ಳು ತೆಗೆಯುವ ದಿನದ ಹಿಂದಿನ ಸಂಜೆ ನಾನು ಊಟಕ್ಕೆ ಕೂರುವ ಹೊತ್ತಿಗೆ ಪ್ರವಾಸಿ ಬಂಗಲೆಯಿಂದ ಆಳು ಬಂದ. ಸೂಜಿಯ ಚೀಲ ತೆಗೆದುಕೊಂಡು ಬರಬೇಕಂತೆ. ಹೋದರೆ ವಕೀಲರು. ಬಾಗಿಲು ಹಾಕಿಸಿ, ಜುಬ್ಬದ ತೋಳು ಮೇಲೆ ಮಡಚಿದರು.

"ಒಂದು ಹಾಕಿಬಿಡಿ ಇನ್‌ಸ್ಪೆಕ್ಟರ್."

ನಾನು ಚೀಲ ಕೆಳಗಿಟ್ಟೆ, ಬಿಚ್ಚಲಿಲ್ಲ.

"ನಾಳೆ ಆ ಊರೊಳಗೆ ಹೋಗಬೇಕಲ್ಲ. ಚಾವಡೀಲಿ ಸನ್ಮಾನ ಅಂತೆ. ಮನೇಲಿ ಹೆದರ್ತಾರೆ."

"ಸೂಜಿ ಜನರನ್ನ ಹೆದರಿಸೋ ದಾರಿ ಅಂತ ತಾವೇ ಹೇಳಿದಿರಿ."

"ಅದು ಭಾಷಣ ರೀ. ಭಾಷಣ ಬೇರೆ, ಮೈ ಬೇರೆ. ನಿಮಗೆ ಇಷ್ಟೂ ತಿಳಿಯಲ್ವೇ? ಹಾಕಿ. ಯಾರಿಗೂ ಹೇಳಬೇಡಿ."

ಒಂದು ವಿಷಯ ನಾನು ಅವರಿಗೆ ಹೇಳಿದೆ. ಇಂದು ಹಾಕಿದ ಸೂಜಿ ನಾಳೆ ಕಾಪಾಡುವುದಿಲ್ಲ. ಹಿಡಿಯಲು ದಿನಗಳು ಬೇಕು. ಅವರು ಕೈಯಾಡಿಸಿ, "ನೀವು ಹಾಕಿ" ಎಂದರು. ಪ್ರಾಮಾಣಿಕತೆ ಇಲ್ಲದಿದ್ದರೆ ಹೋಗಲಿ, ಸ್ವಂತ ಜೀವ ಉಳಿಸಿಕೊಳ್ಳುವಷ್ಟು ವಿವೇಕವಾದರೂ ಬೇಡವೇ? ಬಲತೋಳಿಗೆ ಹಾಕಿದೆ. ನಮ್ಮ ಪದ್ಧತಿ ಅದೇ, ಎಲ್ಲರಿಗೂ ಬಲತೋಳು. ಯಾರಿಗೂ ಹೇಳಲೂ ಇಲ್ಲ. ಒಬ್ಬರ ಮೈಯ ವಿಷಯ ಇನ್ನೊಬ್ಬರಿಗೆ ಹೇಳುವುದು ನಮ್ಮ ಕಸುಬಿನಲ್ಲಿ ಸಲ್ಲದು. ಹೊಸದಾಗಿ ಸೇರಿದವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಎಂಥ ಮನುಷ್ಯನ ಮೈಯಾದರೂ ಸರಿ.

ಬೆಳಿಗ್ಗೆ ಊರಬಾಗಿಲಿಗೆ ಹೋಗಿ ನಿಂತೆ. ಗೌಸ್ ಸಾಬರು ಪಕ್ಕದಲ್ಲಿ ನಿಂತರು. ಊರೆಲ್ಲ ಬಂದಿತ್ತು. ಹಸುವಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಮಾವಿನೆಲೆಯ ತೋರಣ ಕಟ್ಟಿದ್ದರು. ತಮಟೆ ಬಡಿಯುತ್ತಿತ್ತು. ಚಿಕ್ಕಣ್ಣ ನನ್ನನ್ನು ನೋಡಿ, "ಇಲಿ ಸಾಹೇಬ್ರು ಬಂದವ್ರೆ, ದಾರಿ ಬಿಡ್ರಪ್ಪಾ!" ಎಂದು ಕೂಗಿ ನಗಿಸಿದ. ಆದರೆ ಅವನ ದನಿಯಲ್ಲಿ ಮೊದಲಿನ ಜೋರಿರಲಿಲ್ಲ, ಕಂಬಳಿ ಹೊದ್ದಿದ್ದ.

ವಕೀಲರು ಮೋಟಾರಿನಿಂದ ಇಳಿದರು. ಮುಖ ಬಾಡಿತ್ತು. ಪಟೇಲರು ಹಾರ ಹಾಕಿ ತೋಳು ಹಿಡಿದು ಕರೆತರಲು ಹೋದಾಗ ವಕೀಲರು "ಆ!" ಎಂದು ಪಕ್ಕಕ್ಕೆ ಸರಿದರು. ಪಟೇಲರು ಕುಡುಗೋಲನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದರು. ವಕೀಲರು ಬಲಗೈ ಸ್ವಲ್ಪ ಎತ್ತಿ, ತುಟಿ ಕಚ್ಚಿ, ಕೆಳಗಿಳಿಸಿ, ಎಡಗೈಯಿಂದ ಕುಡುಗೋಲು ತೆಗೆದುಕೊಂಡರು.

ತಮಟೆ ನಿಂತಿತು.

"ಎಡಗೈಲಿ ಊರು ತೆಗೀತಾರಾ?" ಎಂದಳು ಒಬ್ಬಾಕೆ. "ಬಲಗೈಲಿ ತೆಗೀರಿ ಸ್ವಾಮಿ, ಅಪಶಕುನ" ಎಂದರು ಅರ್ಚಕರು.

"ಕೈ ಉಳುಕಿದೆ" ಎಂದರು ವಕೀಲರು.

ಗಂಗಮ್ಮ ಗುಂಪು ಸೀಳಿಕೊಂಡು ಮುಂದೆ ಬಂದಳು. ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಮೈಗೆ ಅವುಚಿದ ತೋಳು, ಜ್ವರದ ಕಣ್ಣು. ಅರ್ಧ ಊರು ಕೆಲವೇ ದಿನದ ಹಿಂದೆ ಹಾಗೇ ಓಡಾಡಿತ್ತು.

"ಉಳುಕಿಲ್ಲ ಕಣ್ರೋ! ಕಂಕುಳಲ್ಲಿ ಕೋಳಿ ಮರಿ ಇಟ್ಕೊಂಡವ್ರೆ!" ಎಂದು ಕೂಗಿದಳು. "ಯಾವಾಗ ಹಾಕಿಸ್ಕೊಂಡ್ರಿ ಸ್ವಾಮಿ? ನಿನ್ನೇನಾ? ನಮ್ಗೆ ಬೇಡಾಂದ ಸೂಜಿ ನಿಮ್ಗೆ ಹೆಂಗೆ ಬೇಕಾಯ್ತು?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಬಿಡಬೇಕಾದ ಅಗತ್ಯವೂ ಇರಲಿಲ್ಲ. ಆ ಊರಿನವರಿಗೆ ಆ ನೋವು ಗೊತ್ತಿತ್ತು. ವಕೀಲರು ಕುಡುಗೋಲು ತಟ್ಟೆಗೆ ಹಾಕಿ ಮೋಟಾರಿಗೆ ನಡೆದರು. ಪಟೇಲರು ಹಸುವಿನ ಹಗ್ಗ ಹಿಡಿದು ತೋಪಿನ ಕಡೆ ತಿರುಗಿಸಿದರು. ಹಸುವಿನ ಹಿಂದೆ ಊರು ತಿರುಗಿತು.

ಅಂದೇ ಮಧ್ಯಾಹ್ನ ತೋಪಿನಲ್ಲಿ ಸೂಜಿಗೆ ಸಾಲು ನಿಂತಿತು. ಯಾರನ್ನೂ ಕರೆಯಬೇಕಾಗಲಿಲ್ಲ. ಸಾಲಿನ ಮಧ್ಯೆ ಚಿಕ್ಕಣ್ಣ ಬಂದು, ನಾಚಿಕೊಂಡು, ಕಂಬಳಿ ಸರಿಸಿ ತೋಳು ಚಾಚಿದ. "ತಗೊಳ್ಳಿ ಇನ್‌ಸ್ಪೆಟ್ರೇ, ಗೆದ್ರಿ" ಎಂದ.

ತೋಳು ಹಿಡಿದೆ. ಸುಡುತ್ತಿತ್ತು. ಗೌಸ್ ಸಾಬರತ್ತ ನೋಡಿದೆ. ಅವರು ಸ್ಪಿರಿಟ್ ಹತ್ತಿಯನ್ನು ಕೆಳಗಿಟ್ಟರು.

"ಯಾಕೆ, ಹಾಕಲ್ವಾ?" ಎಂದ ಚಿಕ್ಕಣ್ಣ.

ಅವನನ್ನು ಬೇರೆ ಗುಡಿಸಲಿಗೆ ಸೇರಿಸಿದೆವು. ಆಗಿನ ಕಾಲದಲ್ಲಿ ಏನು ಮಾಡಬಹುದಿತ್ತೋ ಎಲ್ಲವನ್ನೂ ಮಾಡಿದೆವು. ಸಾಹೇಬರೇ ಬಂದು ನೋಡಿದರು. ವಾರ ಕಳೆಯುವ ಮೊದಲೇ ಹೋದ. ಹೆಂಡತಿಯನ್ನು ಅವಳ ತಂದೆ ಬಂದು ಕರೆದುಕೊಂಡು ಹೋದ. ಗಾಡಿ ತೋಪು ದಾಟುವವರೆಗೂ ಬೈರೇಗೌಡರು ರಸ್ತೆಯಲ್ಲೇ ನಿಂತಿದ್ದರು.

ಇದಾದ ಮೇಲೆ ಮಂಡಿ ಸಾಹುಕಾರರು ತೋಪಿಗೆ ಬಂದರಲ್ಲ, ಅದನ್ನು ಬರೆಯದಿದ್ದರೆ ಕಥೆ ಅರ್ಧವಾಗುತ್ತದೆ. "ನಾನು ಮೊದಲಿಂದಲೂ ಸೂಜಿ ಹಾಕಿಸ್ಕೊಳ್ಳಿ ಅಂತಲೇ ಹೇಳ್ಕೊಂಡು ಬಂದಿದ್ದೀನಿ" ಎಂದು ಭಾಷಣ ಮಾಡಿದರು! ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ವಕೀಲರಿಗೆ ಸೂಜಿ ಹಾಕಿದ್ದನ್ನು ತಮ್ಮ ಸಭೆಯಲ್ಲಿ ನಿಂತು ಹೇಳಬೇಕೆಂದರು.

"ಹೇಳಲ್ಲ" ಎಂದೆ. "ತಾವು ಬಂದಿದ್ದೀರಿ, ಬಾಟಲಿ ತೆರೆದಿದೆ. ಜನರ ಮುಂದೆ ತೋಳು ಕೊಡಿ. ಯಾವ ಭಾಷಣಾನೂ ಬೇಡ."

ಸಾಹುಕಾರರು ಸೂಜಿ ನೋಡಿದರು. ಬೆವರಿದರು. "ಇವತ್ತು ಶುಕ್ರವಾರ. ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಹೋದವರು ಬರಲಿಲ್ಲ. ಒಬ್ಬರು ತಾವು ಹಾಕಿಸಿಕೊಂಡು ಊರಿಗೆ ಬೇಡವೆಂದರು. ಇನ್ನೊಬ್ಬರು ಊರಿಗೆ ಬೇಕೆಂದು ತಾವು ಓಡಿದರು. ಜನ ಆರಿಸಬೇಕಾದದ್ದು ಇವರಿಬ್ಬರಲ್ಲಿ ಒಬ್ಬರನ್ನು.

ವಕೀಲರು ಗೆದ್ದರು. ಈ ಊರಿನ ಓಟು ಬೀಳದಿದ್ದರೂ ಬೇರೆ ಊರುಗಳ ಓಟಿನಿಂದ ಗೆದ್ದರು. ಅಲ್ಲೂ ಎಲ್ಲೆಲ್ಲಿ ಏನೇನು ತೆಗೆಯುತ್ತೇನೆಂದು ಹೇಳಿದ್ದರೋ ತಿಳಿಯದು.

ಬಿಸಿಲು ಬಲಿತು, ಇಲಿ ಬೀಳುವುದು ನಿಂತು, ಮನೆಗಳನ್ನೆಲ್ಲ ನಾನೂ ಗೌಸ್ ಸಾಬರೂ ಒಂದೊಂದಾಗಿ ನೋಡಿ ಒಪ್ಪಿದ ಮೇಲೆ ಊರು ಸೇರುವ ದಿನ ಗೊತ್ತಾಯಿತು. ಮತ್ತೆ ತೋರಣ, ಮತ್ತೆ ಹಸು. ಕುಡುಗೋಲು ಬೈರೇಗೌಡರ ಕೈಯಲ್ಲಿತ್ತು. ಅಷ್ಟರಲ್ಲಿ ಮೋಟಾರು ಬಂತು. ವಕೀಲರು ಕೊರಳಲ್ಲಿ ಹಾರ ಹಾಕಿಕೊಂಡೇ ಇಳಿದರು. "ಕೊಟ್ಟ ಮಾತು ಉಳಿಸಿಕೊಳ್ಳೋಕೆ ಬಂದಿದ್ದೀನಿ ಬೈರೇಗೌಡ. ಸ್ವಲ್ಪ ತಡವಾಯ್ತು ಅಷ್ಟೆ" ಎಂದು ಕುಡುಗೋಲಿಗೆ ಕೈ ಚಾಚಿದರು.

ಬೈರೇಗೌಡರು ಕೊಡಲಿಲ್ಲ. "ಬಲಗೈ ಎತ್ತಿ ಸ್ವಾಮಿ, ನೋಡಾನ" ಎಂದರು.

ವಕೀಲರಿಗೆ ಏನು ತೋಚಿತೋ, ನಗುತ್ತಾ ಕೈಯನ್ನು ತಲೆಯ ಮೇಲಕ್ಕೆ ಎತ್ತಿದರು. ಜನರಿಗೆ ನಮಸ್ಕಾರ ಹೇಳುವವರಂತೆ.

ಪಟೇಲರು ಆ ತೋಳನ್ನು ಸ್ವಲ್ಪ ಹೊತ್ತು ನೋಡಿದರು. "ವಾಸಿಯಾಗೈತೆ. ನನ್ ತಮ್ಮಂದು ಆಗ್ಲಿಲ್ಲ" ಎಂದರು. ತಿರುಗಿ ಕುಡುಗೋಲನ್ನು ಗಂಗಮ್ಮನಿಗೆ ಕೊಟ್ಟರು.

"ಗೌಡ್ರೇ, ನಾನಾ? ಮುಂಡೆ ಕೈಲಿ ಊರು ತೆಗೆಸ್ತೀರಾ?"

"ತೆಗಿ ಗಂಗಮ್ಮ."

ಅರ್ಚಕರು ದಾರಿ ಬಿಟ್ಟು ಸರಿದರು. ಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗೈಯಲ್ಲಿ ಕುಡುಗೋಲು ಬೀಸಿ, ಒಣಗಿದ ಜಾಲಿಯನ್ನು ಕೊಂಬೆ ಕೊಂಬೆಯಾಗಿ ಎಳೆದು ಹಾಕಿದಳು. ಹಸು ಒಳಗೆ ಹೋಯಿತು. ದೇವರು ಹೋಯಿತು. ಹಿಂದೆ ಹೆಂಗಸರು, ಮುದುಕರು, ಪಾತ್ರೆ ಹೊತ್ತವರು, ಕಂಬಳಿ ಹೊತ್ತವರು, ವಕೀಲರ ಎರಡು ಪಕ್ಕದಲ್ಲೂ ಹಾದು ಊರೊಳಗೆ ಹೋದರು. ಯಾರೂ ಅವರ ಕಡೆ ನೋಡಲಿಲ್ಲ. ಕೈ ಇಳಿಸಿ ಎಂದು ಹೇಳಿದವರೂ ಇಲ್ಲ. ನಾನು ಚೀಲ ಸೈಕಲ್ಲಿಗೆ ಕಟ್ಟಿ ಹಿಂದಿರುಗಿ ನೋಡಿದಾಗ ಆ ಕೈ ಇನ್ನೂ ಮೇಲೆಯೇ ಇತ್ತು.